ಟಿವಿಯ ಕೆಳಗಿದ್ದ ಹೊಲಿಗೆ ಮಿಶನ್ನು

ಉದ್ಯಾವರದ ನಮ್ಮ ಮನೆಗೆ ಮೊದಲ ಸಲ ಬರುವವರು ಚಾವಡಿಯಲ್ಲಿ ಕುಳಿತು, ನೀರು ಕುಡಿದು, ಗೋಡೆ ಬದಿಯಲ್ಲಿರುವ ಮೂರು ಹಳೆಯ ಹೊಲಿಗೆ ಮಿಶನ್ನುಗಳನ್ನು ನೋಡಿ, ನನ್ನ ಹೆಂಡತಿ ವನಜಳ ಕಡೆ ತಿರುಗಿ ನೀವು ಬಟ್ಟೆ ಹೊಲಿಯುತ್ತೀರಾ ಎಂದು ಕೇಳುತ್ತಾರೆ. ವನಜಳ ಉತ್ತರ ಯಾವಾಗಲೂ ಒಂದೇ. ತನಗೆ ಕಿತ್ತುಹೋದ ಗುಂಡಿ ಹಾಕುವಷ್ಟು ಬರುತ್ತದೆ, ಅದೂ ಸೂಜಿಗೆ ಬೇರೆ ಯಾರಾದರೂ ನೂಲು ಪೋಣಿಸಿಕೊಟ್ಟರೆ. ಈ ಅಂಗಡಿಯೆಲ್ಲ ಇವರದ್ದು ಎಂದು ನನ್ನ ಕಡೆ ಕೈ ತೋರಿಸುತ್ತಾಳೆ. ಬಂದವರು ನನ್ನ ಬೋಳು ತಲೆಯನ್ನೂ ದಪ್ಪ ಬೆರಳುಗಳನ್ನೂ ಒಮ್ಮೆ ನೋಡುತ್ತಾರೆ. ಆಮೇಲೆ ಸೆಕೆ ತುಂಬಾ ಜಾಸ್ತಿ ಅಲ್ವಾ ಎಂದು ಮಾತು ಬದಲಿಸುತ್ತಾರೆ.

ಆ ಬೆರಳುಗಳು ಮಣಿಪಾಲದ ಮುದ್ರಣಾಲಯವೊಂದರ ಬೈಂಡಿಂಗ್ ವಿಭಾಗದಲ್ಲಿ ದಪ್ಪಗಾದವು. ಮೂವತ್ತೆಂಟು ವರ್ಷ ಪುಸ್ತಕ ಮಡಚಿದ್ದೇನೆ, ಹೊಲಿದಿದ್ದೇನೆ, ಅಂಟು ಹಚ್ಚಿದ್ದೇನೆ. ಎಷ್ಟು ಓದಿದ್ದೇನೆ ಎಂದು ದಯವಿಟ್ಟು ಕೇಳಬೇಡಿ. ನಿವೃತ್ತನಾದ ಮೇಲೆ ಎರಡು ವರ್ಷ ಏನೂ ಮಾಡದೆ ಕುಳಿತಿದ್ದೆ. ಏನೂ ಮಾಡದೆ ಎಂದರೆ ವನಜಳ ಪ್ರಕಾರ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಸಾಲಾಗಿ ಇಟ್ಟು, ಆಕೆಗೆ ಜೀರಿಗೆ ಸಿಗದ ಹಾಗೆ ಮಾಡುತ್ತಿದ್ದೆ.

ಆಗ ಕಾಪುವಿನಲ್ಲಿ ನನ್ನ ಲೀಲಕ್ಕನ ಮನೆಗೆ ಬಣ್ಣ ಹೊಡೆಸುವ ಕೆಲಸ ಶುರುವಾಯಿತು. ಅದು ನಾನೂ ಬೆಳೆದ ಮನೆ. ಈಗ ಅಕ್ಕನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಂದು ಕಾಲಿಡಲು ಜಾಗವಿಲ್ಲದಷ್ಟು ಜನ. ಸಾಮಾನು ಸರಿಸಲು ನಾನೂ ಹೋಗಿದ್ದೆ. ಟಿವಿಯನ್ನು ಇಳಿಸಿ, ಅದರ ಕೆಳಗೆ ಹಾಸಿದ್ದ ಹೂವಿನ ಬಟ್ಟೆ ತೆಗೆದಾಗ ಒಂದು ಮರದ ಪೆಟ್ಟಿಗೆ ಮೇಜು ಕಂಡಿತು. ಇಷ್ಟು ವರ್ಷ ಅದರ ಮೇಲಿನ ಧಾರಾವಾಹಿಗಳಲ್ಲಿ ಅತ್ತೆ ಸೊಸೆಯರು ಜಗಳಾಡಿದ್ದನ್ನು ನಾನೂ ನೋಡಿದ್ದೆ. ಅಡಿಯಲ್ಲಿ ಏನುಂಟೆಂದು ಯೋಚಿಸಿರಲಿಲ್ಲ.

"ಅದನ್ನು ಗುಜರಿಯವನಿಗೆ ಹೇಳಿಟ್ಟಿದ್ದೇನೆ. ಒರಲೆ ಹಿಡಿದಿದೆ ಮಾರಾಯ, ಮರ ತಿಂದು ಮನೆಗೆಲ್ಲ ಹಬ್ಬುತ್ತದೆ" ಎಂದಳು ಅಕ್ಕ.

ನಾನು ಮುಚ್ಚಳ ಎತ್ತಿದೆ. ಒಳಗೆ ಕಪ್ಪು ಮಿಶನ್ನು ತಲೆ ಕೆಳಗಾಗಿ ನೇತಾಡುತ್ತಿತ್ತು. ಮೈಮೇಲಿನ ಬಂಗಾರದ ಬಣ್ಣದ ಬಳ್ಳಿ ಅರ್ಧಕ್ಕರ್ಧ ಅಳಿಸಿ ಹೋಗಿತ್ತು. ಕೈ ತಾಗುವ ಜಾಗದಲ್ಲಿ ಮಾತ್ರ, ಉಳಿದರ್ಧ ಹಾಗೆಯೇ ಇತ್ತು. ಅಳಿಸಿದ್ದು ನಮ್ಮ ದೊಡ್ಡಮ್ಮನ ಕೈ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಒಮ್ಮೆ ತಾವು ಬರುವ ಬದಲು ಈ ಮಿಶನ್ನನ್ನು ಲಾರಿಯಲ್ಲಿ ಕಳುಹಿಸಿದರಂತೆ. ದೊಡ್ಡಮ್ಮ ಒಂದು ವಾರ ಅದರ ಜೊತೆ ಮಾತು ಬಿಟ್ಟು, ಎಂಟನೆಯ ದಿನ ಹೊಲಿಯಲು ಕುಳಿತರು ಎಂದು ಅಮ್ಮ ಹೇಳುತ್ತಿದ್ದಳು. ಯಾರೂ ಕಲಿಸಲಿಲ್ಲ. ಹಳೆಯ ರವಿಕೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ ನೋಡಿ ಕಲಿತರು. ಕಡಲ ಬದಿಯ ಮನೆಗಳ ಹೆಂಗಸರು ಮೀನು ಮಾರಿ ಬರುವಾಗ ದಾರಿಯಲ್ಲಿ ನಮ್ಮ ಜಗಲಿ ಹತ್ತಿ, ರವಿಕೆಯ ಬಟ್ಟೆ ಕೊಟ್ಟು, ಒಂದು ಲೋಟ ಗಂಜಿ ತಿಳಿ ಕುಡಿದು ಹೋಗುತ್ತಿದ್ದರು. ಅಳತೆ ಟೇಪು ಇತ್ತು, ಆದರೆ ದೊಡ್ಡಮ್ಮ ಅದನ್ನು ಕುತ್ತಿಗೆಗೆ ಹಾಕಿಕೊಂಡು ಕಣ್ಣಿನಲ್ಲೇ ಅಳೆಯುತ್ತಿದ್ದರು.

ಮನೆಯ ಮಕ್ಕಳಾದ ನಮಗೆ ಒಂದೇ ಥಾನಿನ ಬಟ್ಟೆ. ಏಳು ಮಕ್ಕಳಿಗೆ ಒಂದೇ ಬಣ್ಣದ ಅಂಗಿ, ಚಡ್ಡಿ, ಲಂಗ. ಸಾಲಾಗಿ ಶಾಲೆಗೆ ಹೊರಟರೆ ದಾರಿಯಲ್ಲಿ ಜನ ಯಾವ ಬ್ಯಾಂಡಿನವರು ಎಂದು ಕೇಳುತ್ತಿದ್ದರು. ಚಡ್ಡಿಯ ಅಂಚನ್ನು ದೊಡ್ಡಮ್ಮ ಮೂರು ಮಡಿಕೆ ಮಡಚಿ ಹೊಲಿಯುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆ ಬಟ್ಟೆ ಬಿಸಿಲು ಕಾಣದ್ದರಿಂದ ಹೊಸದರಂತೆ ಗಾಢ ನೀಲಿ, ಮೇಲೆಲ್ಲ ಮಾಸಿದ ನೀಲಿ. ನನ್ನ ಚಡ್ಡಿಯ ಪಟ್ಟೆ ನೋಡಿ ನಾನು ಆ ವರ್ಷ ಎಷ್ಟು ಬೆಳೆದೆ ಎಂದು ಮೇಷ್ಟ್ರು ಇಡೀ ತರಗತಿಗೆ ಹೇಳಿದ್ದರು. ನಾನು ಹೆಚ್ಚು ಬೆಳೆದಿರಲಿಲ್ಲ. ಅದನ್ನೂ ಹೇಳಿದರು.

ಆ ಮಿಶನ್ನನ್ನು ಮುಟ್ಟಬಾರದು ಎಂದು ನಮಗೆ ಕಟ್ಟಪ್ಪಣೆ. ಎಂಟನೆಯ ವಯಸ್ಸಿನಲ್ಲಿ, ದೊಡ್ಡಮ್ಮ ಬಾವಿಕಟ್ಟೆಗೆ ಹೋದ ಹೊತ್ತಿನಲ್ಲಿ ನಾನು ಮುಟ್ಟಿದೆ. ತುಳಿದೆ ಕೂಡ. ಸೂಜಿ ನನ್ನ ತೋರುಬೆರಳಿನ ಮೇಲಿನಿಂದ ಇಳಿದು ಕೆಳಗೆ ಬಂತು. ನನ್ನ ಕೂಗಿಗೆ ಓಡಿ ಬಂದ ದೊಡ್ಡಮ್ಮ ಬೈಯಲಿಲ್ಲ. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಸೂಜಿ ಎತ್ತಿದರು, ಅರಸಿನ ಒತ್ತಿದರು. ಆಮೇಲೆ ಅಳು ನಿಲ್ಲದಿದ್ದಾಗ, ಚೂರು ಬಟ್ಟೆ ತೆಗೆದು ಬೆರಳಿಗೇ ಒಂದು ಪುಟ್ಟ ಅಂಗಿ ಹೊಲಿದು ಹಾಕಿದರು. ಕಾಲರ್ ಸಮೇತ. ಗಾಯ ಮಾಸಿದ ಮೇಲೂ ಹತ್ತು ದಿನ ಆ ಅಂಗಿ ತೆಗೆಯಲು ನಾನು ಒಪ್ಪಲಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಗುಜರಿಗೆ ಕೊಡುವುದು ಹೇಗೆ? ಗೂಡ್ಸ್ ರಿಕ್ಷಾದಲ್ಲಿ ಹಾಕಿಸಿ ಉದ್ಯಾವರಕ್ಕೆ ತಂದೆ. ವನಜ ಗೇಟಿನಲ್ಲಿ ನಿಂತು ಅದು ಇಳಿಯುವುದನ್ನು ಪೂರ್ತಿ ನೋಡಿ, ಒರಲೆಗೆ ನಮ್ಮ ಮನೆಯ ವಿಳಾಸ ನೀವೇ ಕೊಟ್ಟದ್ದೋ ಎಂದು ಕೇಳಿ ಒಳಗೆ ಹೋದಳು.

ಮರದ ಕೆಲಸಕ್ಕೆ ಕಾರ್ಕಳದ ಆಚಾರಿಯವರು ಸಿಕ್ಕಿದರು. ನನ್ನ ಮಗಳು ಸುಜಾತಳನ್ನು ಕೊಟ್ಟದ್ದು ಕಾರ್ಕಳಕ್ಕೆ. ಆನೆಕೆರೆಯ ಹತ್ತಿರ ಎಂಬತ್ತು ದಾಟಿದ ಒಬ್ಬರಿದ್ದಾರೆ, ಮನಸ್ಸು ಬಂದರೆ ಮಾತ್ರ ಕೆಲಸ ಹಿಡಿಯುತ್ತಾರೆ ಎಂದು ಅಳಿಯ ಹೇಳಿದ್ದರು. ಆಚಾರಿಯವರು ಮೇಜಿನ ಪ್ರತಿ ಹಲಗೆಯನ್ನೂ ಬೆರಳಿನ ಗಂಟಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಎಡಬದಿಯ ಹಲಗೆ ಒಳಗೆ ಪೂರ್ತಿ ಹೊಟ್ಟಾಗಿದೆ, ಉಳಿದದ್ದೆಲ್ಲ ನಮ್ಮಿಬ್ಬರಿಗಿಂತ ಗಟ್ಟಿಯಿದೆ ಎಂದರು. ಎಡಬದಿಗೆ ಹಲಸಿನ ಹಲಗೆ ಕೂರಿಸಿದರು. ಹಳೆಯ ಕಂದು ಮರದ ಪಕ್ಕದಲ್ಲಿ ಅದು ಅರಸಿನ ಹಚ್ಚಿದ ಹಾಗೆ ಎದ್ದು ಕಾಣುತ್ತಿತ್ತು. ಬಣ್ಣ ಹಚ್ಚಿ ಸರಿ ಮಾಡೋಣವೇ ಎಂದು ಕೇಳಿದೆ.

"ಬೇಡ" ಎಂದರು ಆಚಾರಿಯವರು. "ಹಲಸು ತಾನೇ ಕಂದಾಗ್ತದೆ. ಹತ್ತು ವರ್ಷ ಹೋಗಲಿ, ಯಾವುದು ಹಳತು ಯಾವುದು ಹೊಸತು ಅಂತ ನಿಮಗೇ ಗೊತ್ತಾಗುವುದಿಲ್ಲ."

ಹತ್ತು ವರ್ಷ ಕಾಯಬೇಕೆಂದು ಅವರು ಹೇಳಿದ ರೀತಿ ನನಗೆ ಬಹಳ ಇಷ್ಟವಾಯಿತು. ನಾಳೆ ಬನ್ನಿ ಎಂದಷ್ಟು ಸಲೀಸಾಗಿ ಹೇಳಿದ್ದರು.

ಉಳಿದ ಕೆಲಸ ನನ್ನದು. ಮೇಲ್ಹಲಗೆಯ ತೆಳು ಪದರ ಹಪ್ಪಳದಂತೆ ಎದ್ದಿತ್ತು. ಪುಸ್ತಕದ ರಟ್ಟು ಎದ್ದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ: ಅಂಟು ಹಚ್ಚಿ, ಕಾಗದ ಹಾಸಿ, ಮೇಲೆ ಭಾರ ಇಟ್ಟೆ. ಭಾರಕ್ಕೆ ಸಿಕ್ಕಿದ್ದು ವನಜಳ ಕಡೆಯುವ ಕಲ್ಲಿನ ಗುಂಡು. ಆ ಎರಡು ದಿನ ನಮ್ಮ ಮನೆಯಲ್ಲಿ ಚಟ್ನಿ ಇರಲಿಲ್ಲ. ಆಮೇಲೆ ಕಬ್ಬಿಣದ ಕಾಲುಗಳ ತುಕ್ಕನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ, ಹೊಸ ಚರ್ಮದ ಬೆಲ್ಟು ಹಾಕಿದೆ, ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಳೆಯ ಬನಿಯನಿನ ಉಂಡೆಯಿಂದ ಹನ್ನೊಂದು ಸಲ ಪಾಲಿಶ್ ಹಚ್ಚಿದೆ. ಮಿಶನ್ನಿಗೆ ಎಣ್ಣೆ ಬಿಟ್ಟು ತುಳಿದರೆ ಮೊದಲು ನರಳಿತು, ಕೆಮ್ಮಿತು, ಆಮೇಲೆ ಓಡಿತು. ಸುದ್ದಿ ಹರಡಿ ಮತ್ತೆರಡು ಮಿಶನ್ನುಗಳು ಬಂದವು. ಕೆಮ್ಮಣ್ಣು ಊರಿನಿಂದ ಬಂದದ್ದರ ಡ್ರಾಯರಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತಂತೆ.

ಓಡುವ ಮಿಶನ್ನನ್ನು ಸುಮ್ಮನೆ ಬಿಡಬಾರದೆಂದು ಹೊಲಿಯಲು ಕುಳಿತೆ. ಮೂವತ್ತೆಂಟು ವರ್ಷ ಪುಸ್ತಕ ಹೊಲಿದವನಿಗೆ ನಾಲ್ಕು ವರ್ಷದ ಮೊಮ್ಮಗ ಪುಟ್ಟುವಿನ ಚಡ್ಡಿ ಯಾವ ಲೆಕ್ಕ ಎಂಬ ಧೈರ್ಯ. ಪುಸ್ತಕಕ್ಕೆ ಕಾಲಿರುವುದಿಲ್ಲ ಎಂಬುದು ಹೊಳೆಯಲಿಲ್ಲ. ಹೊಲಿದು ಮುಗಿಸಿ ಎತ್ತಿ ಹಿಡಿದಾಗ ಚಡ್ಡಿಯಲ್ಲಿ ಒಂದು ಕಾಲಿಗೆ ದಾರಿಯೇ ಇರಲಿಲ್ಲ. ವನಜ ಅದನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಮೊಳೆಗೆ ತೂಗುಹಾಕಿ ಬೆಳ್ಳುಳ್ಳಿ ತುಂಬಿಸಿದಳು. ಎರಡನೆಯದನ್ನು ಪುಟ್ಟು ಹಾಕಿಕೊಂಡ. ಮೂರನೆಯದನ್ನು ಬಿಚ್ಚಲು ಕೊಡಲಿಲ್ಲ.

ಪುಟ್ಟುವಿಗೆ ಒಬ್ಬಳು ಅಕ್ಕ ಇದ್ದಾಳೆ, ಇಂಚರ. ಆಗ ಆರು ವರ್ಷ, ಒಂದನೆಯ ತರಗತಿ. ಹುಟ್ಟುವಾಗ ಎಡಭುಜದ ನರ ಎಳೆದುಹೋಗಿ, ಆ ಕೈ ಭುಜದಿಂದ ಮೇಲೆ ಏಳುವುದಿಲ್ಲ, ಹಿಡಿತವೂ ಕಡಿಮೆ. ವ್ಯಾಯಾಮಕ್ಕಾಗಿ ಪ್ರತಿ ಶನಿವಾರ ಮಣಿಪಾಲಕ್ಕೆ ಹೋಗಬೇಕು. ಹಾಗಾಗಿ ಶುಕ್ರವಾರ ಸಂಜೆಯೇ ಸುಜಾತ ಮಕ್ಕಳನ್ನು ಕರೆದುಕೊಂಡು ಕಾರ್ಕಳದಿಂದ ಬಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಾಳೆ. ಆ ಕೈಗೆ ಇಂಚರ ಇಟ್ಟ ಹೆಸರು 'ಮೆಲ್ಲನೆ ಕೈ'. ಇನ್ನೊಂದು 'ಬೇಗದ ಕೈ'. ಬೇಗದ ಕೈಯಲ್ಲಿ ಆಕೆ ಮಾಡದ ಕೆಲಸವಿಲ್ಲ, ತಮ್ಮನಿಗೆ ಹೊಡೆಯುವುದೂ ಸೇರಿ. ಆದರೆ ಅಂಗಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅಂಗಡಿಯ ಫ್ರಾಕುಗಳಿಗೆಲ್ಲ ಬೆನ್ನಿನಲ್ಲಿ ಜಿಪ್ಪು, ಬಿಗಿಯಾದ ತೋಳು. ಪ್ರತಿದಿನ ಬೆಳಿಗ್ಗೆ ಸುಜಾತಳೇ ಹಾಕಿಸಬೇಕು.

ಒಂದು ಶುಕ್ರವಾರ ಇಂಚರ ಬಂದವಳೇ ಯಾರ ಹತ್ತಿರವೂ ಮಾತಾಡದೆ ನನ್ನ ಮಿಶನ್ನಿನ ಅಡಿಗೆ ಹೋಗಿ ಕುಳಿತಳು. ಏನಾಯಿತೆಂದು ಸುಜಾತ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ಶಾಲೆಯಲ್ಲಿ ಮಳೆಗೆ ಮಕ್ಕಳೆಲ್ಲ ಒದ್ದೆಯಾಗಿದ್ದರು. ಚೀಲದಲ್ಲಿದ್ದ ಬೇರೆ ಬಟ್ಟೆ ಹಾಕಿಕೊಳ್ಳಲು ಟೀಚರ್ ಹೇಳಿದರು. ಎಲ್ಲರೂ ತಾವೇ ಹಾಕಿಕೊಂಡರು. ಇವಳಿಗೆ ಆಯಾ ಬಂದು, ಎಲ್ಲರ ಎದುರು ನಿಲ್ಲಿಸಿ ಹಾಕಿಸಿದರು. ಪಕ್ಕದ ಬೆಂಚಿನ ಹುಡುಗಿ ಇವಳು ಇನ್ನೂ ಪಾಪು ಎಂದು ನಕ್ಕಳಂತೆ.

ನಾನು ಹೋಗಿ ಮಿಶನ್ನಿನ ಎದುರು ಕುಳಿತೆ. ಅಡಿಯಿಂದ ಸ್ವರ ಬಂತು.

"ಅಜ್ಜ, ನಿನಗೆ ಹೊಲಿಲಿಕ್ಕೆ ಬರ್ತದಲ್ಲ. ನನಗೆ ನಾನೇ ಹಾಕುವ ಅಂಗಿ ಬೇಕು."

ಬೆಳ್ಳುಳ್ಳಿ ಚೀಲದ ದರ್ಜಿ ನಾನು. ಆದರೂ ಆಗಲಿ ಎಂದುಬಿಟ್ಟೆ.

ಮೊದಲು ಕುತ್ತಿಗೆಗೆ ಎಲಾಸ್ಟಿಕ್ ಹಾಕಿ ಅಗಲವಾದ ಅಂಗಿ ಹೊಲಿದೆ. ತಲೆ ಸುಲಭವಾಗಿ ತೂರಿತು, ಕೈ ಒಳಗೇ ಸಿಕ್ಕಿಬಿತ್ತು. ಎದುರು ಪೂರ್ತಿ ತೆರೆದು, ಒತ್ತಿದರೆ ಅಂಟುವ ಪಟ್ಟಿ ಹಚ್ಚಿದೆ. ಅದನ್ನು ಬಿಚ್ಚುವಾಗ ಪರ್ರ್ ಎನ್ನುತ್ತದೆ, ತರಗತಿಯಲ್ಲಿ ನಗುತ್ತಾರೆ, ಬೇಡ ಎಂದಳು. ಟಿಚ್ ಬಟನು ಹಾಕಿದೆ. ಅದನ್ನು ಒತ್ತಲು ಹಿಂದಿನಿಂದ ಇನ್ನೊಂದು ಕೈಯ ಆಸರೆ ಬೇಕು, ಇಲ್ಲದಿದ್ದರೆ ಹೊಟ್ಟೆ ನೋಯುತ್ತದೆ. ನಾಲ್ಕು ಶನಿವಾರ ಹೀಗೆ ಹೋದವು. ಪ್ರತಿಸಲ ಇಂಚರ ಪ್ರಯತ್ನಿಸಿ, ಬೆವತು, ಅಂಗಿಯನ್ನು ಮಡಚಲು ಆದಷ್ಟು ಮಡಚಿ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಐದನೆಯ ಶನಿವಾರ ಬೆಳಿಗ್ಗೆ ನಾನು ವನಜಳಿಗೆ ಬೈರಾಸು ಕೊಟ್ಟು, ನನ್ನ ಎಡಗೈಯನ್ನು ಹೊಟ್ಟೆಗೆ ಸೇರಿಸಿ ಬಿಗಿಯಾಗಿ ಕಟ್ಟು ಎಂದೆ. ಹೆಗಲ ಮೇಲೆ ಹಾಕುವ ಬೈರಾಸಿಗೆ ಇದೂ ಒಂದು ಕೆಲಸವೇ ಎಂದು ಆಕೆ ಕಟ್ಟಿದಳು, ಅಗತ್ಯಕ್ಕಿಂತ ಬಿಗಿಯಾಗಿ. ಒಂದೇ ಕೈಯಲ್ಲಿ ಅಂಗಿ ಹಾಕಿಕೊಳ್ಳಲು ಹೊರಟೆ. ಬಲಗೈ ಮೊದಲು ತೂರಿಸಿದೆ. ಆಮೇಲೆ ಅಂಗಿಯ ಉಳಿದ ಭಾಗ ಬೆನ್ನ ಹಿಂದೆ ಎಲ್ಲಿಗೋ ಹೋಯಿತು. ಹುಡುಕುತ್ತಾ ಸುತ್ತಿದೆ. ತಲೆಯ ಮೇಲಿಂದ ಎಳೆಯಲು ನೋಡಿದಾಗ ಮುಖ ಮುಚ್ಚಿ ಕತ್ತಲಾಯಿತು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವರು ಬಂದು, ಬಾಗಿಲಲ್ಲಿ ನಿಂತು, ಆಮೇಲೆ ಬರ್ತೇನೆ ಅಮ್ಮ ಎಂದು ವನಜಳಿಗೆ ಹೇಳಿ ಹೊರಟೇ ಹೋದರು.

ಇಂಚರ ಹಾಸಿಗೆಯಿಂದ ಎದ್ದು ಬಂದು ನನ್ನನ್ನು ನೋಡಿದಳು. ನಕ್ಕಳು, ನಗುತ್ತಾ ಕೆಳಗೆ ಕುಳಿತೇಬಿಟ್ಟಳು. ಆಮೇಲೆ ಎದ್ದು ಬಂದು ಅಂಗಿಯನ್ನು ನನ್ನ ತಲೆಯಿಂದ ಬಿಡಿಸಿದಳು.

"ಹಾಗಲ್ಲ ಅಜ್ಜ. ಮೊದಲು ಮೆಲ್ಲನೆ ಕೈ. ಅದಕ್ಕೆ ಅವಸರ ಮಾಡಬಾರದು. ಅದು ಹೋದ ಮೇಲೆ ಬೇಗದ ಕೈ ತಾನೇ ದಾರಿ ಹುಡುಕ್ತದೆ."

ಎಂದು ಬೈರಾಸಿನ ಗಂಟು ಸಡಿಲಿಸಿ, ನನ್ನ ಎಡಗೈಗೆ ತೋಳನ್ನು ಮೆಲ್ಲಗೆ ಏರಿಸಿದಳು. ಇಷ್ಟು ವಾರ ನಾನು ಅಂಗಿಯ ಬಾಯಿಯನ್ನಷ್ಟೇ ದೊಡ್ಡದು ಮಾಡುತ್ತಿದ್ದೆ, ಎರಡು ಬೇಗದ ಕೈಯವನ ಅಂದಾಜಿನಲ್ಲಿ. ಕೇಳಬೇಕಾದವಳನ್ನು ಕೇಳಿರಲಿಲ್ಲ. ಅಂದೇ ಆಕೆಯನ್ನು ಮೇಜಿನ ಮೇಲೆ ಕೂರಿಸಿಕೊಂಡು, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಕೈ ತಲುಪುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡೆ. ಎಡದ ತೋಳು ಅಗಲವಾಗಿರಬೇಕು, ಒಳಗೆ ಎಲ್ಲೂ ಮಡಿಕೆ ಇರಬಾರದು. ಬೆನ್ನಿನಲ್ಲಿ ದೊಡ್ಡ ನೆರಿಗೆ ಬೇಕು, ಅಂಗಿ ಸುತ್ತಿ ಬರುವಾಗ ಬಿಚ್ಚಿಕೊಳ್ಳಲು. ಗುಂಡಿಗೆ ಮಾತ್ರ ಇಬ್ಬರಿಗೂ ಉಪಾಯ ಹೊಳೆಯಲಿಲ್ಲ.

ಅದನ್ನು ಪರಿಹರಿಸಿದವಳು ವನಜ. ತನ್ನ ಕೈಚೀಲದ ಬಾಯಿಯನ್ನು ಟಕ್ ಎಂದು ಮುಚ್ಚಿ ನನ್ನ ಮುಖ ನೋಡಿದಳು. ಅಯಸ್ಕಾಂತದ ಗುಂಡಿ. ಹತ್ತಿರ ತಂದರೆ ಸಾಕು, ತಾನೇ ಹಿಡಿದುಕೊಳ್ಳುತ್ತದೆ. ಉಡುಪಿಯಲ್ಲಿ ಚೀಲ ಹೊಲಿಯುವವರ ಸಾಮಾನಿನ ಅಂಗಡಿಯಿಂದ ಹತ್ತು ಜೊತೆ ತಂದು ಮೇಜಿನ ಮೇಲಿಟ್ಟೆ. ಅವು ನನ್ನ ಗುಂಡುಸೂಜಿಗಳನ್ನೆಲ್ಲ ಎಳೆದುಕೊಂಡು ಮುಳ್ಳುಹಂದಿಯಾದವು. ಎರಡು ಹಾರಿ ಹೋಗಿ ಮಿಶನ್ನಿನ ಕಬ್ಬಿಣದ ಕಾಲಿಗೆ ಅಂಟಿ ಕುಳಿತವು. ಪ್ರತಿಯೊಂದನ್ನೂ ಬಟ್ಟೆಯ ಪುಟ್ಟ ಚೀಲದಲ್ಲಿಟ್ಟು ಅಂಚಿನೊಳಗೆ ಹೊಲಿಯಲು ಒಂದು ವಾರ ಬೇಕಾಯಿತು. ಬಟ್ಟೆ ಇಂಚರಳೇ ಆರಿಸಿದ್ದು, ನೀಲಿಯಲ್ಲಿ ಸಣ್ಣ ಹಳದಿ ಹೂ.

ಶನಿವಾರ ಬೆಳಿಗ್ಗೆ ಇಂಚರ ಆ ಅಂಗಿ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಯಾರೂ ಬರಬಾರದು ಎಂದು ಒಳಗಿನಿಂದ ಹೇಳಿದಳು. ಮಣಿಪಾಲಕ್ಕೆ ಹೊರಡಲು ಅರ್ಧ ಗಂಟೆ ಇತ್ತು. ನಾನು, ವನಜ, ಸುಜಾತ ಚಾವಡಿಯಲ್ಲಿ ಕುಳಿತೆವು. ಪುಟ್ಟು ಮಾತ್ರ ಬಾಗಿಲ ಸಂದಿನಲ್ಲಿ ಇಣುಕಲು ಹೋಗಿ ವನಜಳ ಕೈಗೆ ಸಿಕ್ಕಿಬಿದ್ದ. ಹತ್ತು ನಿಮಿಷವಾಯಿತು. ಒಳಗಿನಿಂದ ಬಟ್ಟೆ ಸರಿಯುವ ಸದ್ದು, ಮಂಚ ಕಿರುಗುಟ್ಟಿದ ಸದ್ದು, ಒಂದು ಸಲ ದೊಡ್ಡ ಉಸಿರು. ಹದಿನೈದು ನಿಮಿಷಕ್ಕೆ ಸುಜಾತ ಎದ್ದು ನಿಂತಳು.

"ಅಪ್ಪ, ಒಂದು ತೋಳು ಮಾತ್ರ ಏರಿಸಿ ಬರ್ತೇನೆ. ಅವಳಿಗೆ ಗೊತ್ತಾಗದ ಹಾಗೆ."

ಗೊತ್ತಾಗದ ಹಾಗೆ ತೋಳು ಏರಿಸುವುದು ಹೇಗೆಂದು ನಾನು ಕೇಳಲಿಲ್ಲ. ಕುಳಿತುಕೋ ಎಂದೆ. ಆಕೆ ಕುಳಿತಳು, ಆದರೆ ಕೈ ಸುಮ್ಮನಿರಲಿಲ್ಲ. ಮಡಿಲಲ್ಲಿದ್ದ ಟವೆಲನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಆಗ ಕೋಣೆಯೊಳಗಿಂದ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್. ನಾವು ಮೂವರೂ ಮನಸ್ಸಿನಲ್ಲಿ ಎಣಿಸುತ್ತಿದ್ದೆವು. ಐದು ಗುಂಡಿ. ನಾಲ್ಕನೆಯದರ ನಂತರ ಬಹಳ ಹೊತ್ತು ಏನೂ ಕೇಳಲಿಲ್ಲ. ಐದನೆಯದು ಕೇಳಿಸಿದಾಗ ವನಜ ಎದ್ದು ಹೋಗಿ, ಅಗತ್ಯವೇ ಇಲ್ಲದೆ, ಫ್ಯಾನು ಜೋರು ಮಾಡಿದಳು.

ಬಾಗಿಲು ತೆರೆಯಿತು. ಇಂಚರಳ ಕೂದಲೆಲ್ಲ ಕೆದರಿತ್ತು. ಕಾಲರಿನ ಒಂದು ಬದಿ ಒಳಗೆ ಮಡಚಿಕೊಂಡಿತ್ತು. ಎರಡು ಗುಂಡಿಗಳು ಮನೆ ಅದಲುಬದಲಾಗಿ ಕುಳಿತು ಅಂಗಿ ಓರೆಯಾಗಿತ್ತು. ಸುಜಾತಳ ಕೈ ತಾನೇ ಮುಂದೆ ಹೋಯಿತು, ಕಾಲರಿನವರೆಗೆ ಹೋಗಿ ನಿಂತಿತು, ಹಿಂದೆ ಬಂತು. ಆರು ವರ್ಷ ಒಂದು ದಿನವೂ ತಪ್ಪದೆ ಈ ಮಗುವಿಗೆ ಅಂಗಿ ತೊಡಿಸಿದ ಕೈ ಅದು.

"ಇನ್ನು ನನಗೆ ಬೆಳಿಗ್ಗೆ ಎಂತ ಕೆಲಸ" ಎಂದಳು ಸುಜಾತ. ನಗಲು ಹೋಗಿ ಅರ್ಧಕ್ಕೆ ನಿಂತಳು. ವನಜ ಆಕೆಯ ಬೆನ್ನ ಮೇಲೆ ಕೈಯಿಟ್ಟಳು.

ಇಂಚರಳ ಗಮನ ಇದಾವುದರ ಮೇಲೂ ಇರಲಿಲ್ಲ. ಕನ್ನಡಿಯ ಎದುರು ಹೋಗಿ ಹಿಂದೆ ಮುಂದೆ ತಿರುಗಿ ನೋಡಿದಳು. ಬೇಗದ ಕೈಯಿಂದ ಅಂಗಿಯ ಬದಿಯನ್ನು ಮೇಲಿನಿಂದ ಕೆಳಗೆ ತಡವಿದಳು. ಮತ್ತೊಮ್ಮೆ ತಡವಿದಳು. ಮೆಚ್ಚುಗೆಯ ಮಾತಿಗಾಗಿ ನಾನು ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಆಕೆ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು.

"ಅಜ್ಜ, ಇದಕ್ಕೆ ಕಿಸೆ ಇಲ್ಲ."

ಇರಲಿಲ್ಲ. ತೋಳು, ನೆರಿಗೆ, ಗುಂಡಿ ಎಂದು ಒಂದೂವರೆ ತಿಂಗಳು ತಲೆ ಕೆಡಿಸಿಕೊಂಡವನಿಗೆ ಕಿಸೆಯ ನೆನಪೇ ಆಗಿರಲಿಲ್ಲ. ಒಂದು ಅಂಗಿ ಎಂದ ಮೇಲೆ ಕಿಸೆ ಬೇಡವೇ? ತಪ್ಪಾಯಿತು ಎಂದು ಒಪ್ಪಿಕೊಂಡೆ. ಸಂಜೆಯೊಳಗೆ ಆಗಬೇಕು ಎಂದು ಆಕೆ ಗಡುವು ಕೊಟ್ಟು, ಓರೆ ಅಂಗಿಯಲ್ಲೇ ಮಣಿಪಾಲಕ್ಕೆ ಹೊರಟಳು. ಬಸ್ಸಿನಲ್ಲಿ ಕಂಡಕ್ಟರು ಗುಂಡಿ ತಪ್ಪಿದೆ ಪುಟ್ಟೀ ಎಂದರಂತೆ. ಗೊತ್ತುಂಟು ಎಂದಳಂತೆ.

ಸಂಜೆ ಮಿಶನ್ನಿನ ಮುಂದೆ ಕುಳಿತು, ಉಳಿದ ಬಟ್ಟೆಯಲ್ಲಿ ಕಿಸೆಗೆ ಚೌಕ ಕತ್ತರಿಸಿದೆ. ಬೇಗದ ಕೈಗೆ ಸುಲಭವಾಗುವ ಹಾಗೆ ಬಲಬದಿಗೆ ಗುರುತು ಹಾಕುತ್ತಿದ್ದೆ. ಇಂಚರ ಪಕ್ಕದಲ್ಲಿ ನಿಂತು ನನ್ನ ಸೀಮೆಸುಣ್ಣವನ್ನೇ ನೋಡುತ್ತಿದ್ದಳು. ಬಲಕ್ಕೆ ಸಾಕಲ್ಲ ಎಂದು ಕೇಳಿದೆ.

"ಎರಡೂ ಬದಿಗೆ ಬೇಕು. ಅಪ್ಪ ಬಸ್ ಸ್ಟಾಂಡಿನಲ್ಲಿ ನಿಲ್ತಾರಲ್ಲ, ಎರಡೂ ಕೈ ಕಿಸೆಗೆ ಹಾಕಿಕೊಂಡು. ಹಾಗೆ ನಿಲ್ಲಲಿಕ್ಕೆ."

ನಾನು ಇನ್ನೊಂದು ಚೌಕ ಕತ್ತರಿಸಿದೆ. ಎಡದ ಕಿಸೆಯ ಬಾಯಿಯನ್ನು ಸ್ವಲ್ಪ ಅಗಲ ಮಾಡಿದೆ.